ಸದ್ದು ಯಾರದು, ಖಾತರಿ ಯಾರಿಗೆ?

ಕಳೆದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ, ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮಗ ನಮ್ಮ ಮನೆಯ ಜಗಲಿಗೆ ಬಂದ. ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿರುವ ಹುಡುಗ. ಸಾಲ ಮಾಡಿ 350 ಸಿಸಿಯ ಹೊಸ ಬುಲೆಟ್ ಕೊಂಡಿದ್ದ. ಅದನ್ನು ಅಂಗಳದಲ್ಲಿ ನಿಲ್ಲಿಸಿ, ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ನಮ್ಮ ಕೈಗಿತ್ತ. ಗಾಡಿಯ ಜೊತೆಗೆ ಕೊಡುವ ವಾರಂಟಿ ಪುಸ್ತಕ ಅದು. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಕನ್ನಡಕ ಹಾಕಿದರೂ ಸುಲಭಕ್ಕೆ ದಕ್ಕದ ಸಣ್ಣ ಅಕ್ಷರಗಳಲ್ಲಿ.

“ಮಾಷ್ಟ್ರೇ, ಇದನ್ನೊಮ್ಮೆ ಓದಿ ಹೇಳಬೇಕಿತ್ತು. ಸೈಲೆನ್ಸರ್ ಬದಲಿಸಿದರೆ ವಾರಂಟಿ ಹೋಗ್ತದಾ? ಸದ್ದು ಸ್ವಲ್ಪ ಗಟ್ಟಿ ಮಾಡ್ಬೇಕು ಅಂತ ಉಂಟು. ಆದರೆ ವಾರಂಟಿ ಹೋಗಬಾರದು.”

ನಾವು ಓದಿದೆವು, ಅರ್ಥವಾದಷ್ಟನ್ನು ವಿವರಿಸಿದೆವು. ಅವನು ಚಹಾ ಕುಡಿದು ಹೊರಟ. ಆದರೆ ಅವನು ಕೇಳಿದ ಪ್ರಶ್ನೆ ಮಾತ್ರ ನಮ್ಮ ಜಗಲಿಯಲ್ಲಿಯೇ ಉಳಿಯಿತು. ಮೇಲುನೋಟಕ್ಕೆ ಅದು ಗ್ಯಾರೇಜಿನ ಪ್ರಶ್ನೆ. ಯೋಚಿಸುತ್ತ ಹೋದಂತೆ, ಮನುಷ್ಯನು ತನ್ನ ಕೃತ್ಯದ ಬಗ್ಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು ಎಂಬಲ್ಲಿಗೆ ಅದು ನಮ್ಮನ್ನು ಒಯ್ದಿತು. ಸಮ್ಮೇಳನದ ಈ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದವರು ಕೇಳಿದಾಗ ಬೇರೆ ವಿಷಯ ಹುಡುಕುವ ಮನಸ್ಸಾಗಲಿಲ್ಲ.

ಮೊದಲು ಸದ್ದು ಎಲ್ಲಿಂದ ಬರುತ್ತದೆಂದು ನೋಡೋಣ. ಇಂಜಿನಿನ ಒಳಗೆ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಉರಿದ ಅನಿಲ ಹೊರಹೋಗಲು ವಾಲ್ವ್ ತೆರೆದೊಡನೆ, ಒಳಗೆ ಒತ್ತಿಕೊಂಡಿದ್ದುದು ಒಮ್ಮೆಲೇ ಕೊಳವೆಗೆ ನುಗ್ಗುತ್ತದೆ. ಆ ನುಗ್ಗುವಿಕೆಯೇ ಸದ್ದು. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕಿನ ಇಂಜಿನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಇದು ನಡೆಯುತ್ತದೆ. ನಿಂತಲ್ಲೇ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ನಿಮಿಷಕ್ಕೆ 500 ಬಡಿತ, ಅಂದರೆ ಸೆಕೆಂಡಿಗೆ ಎಂಟಕ್ಕೆ ಸ್ವಲ್ಪ ಹೆಚ್ಚು. ಬಡಿತಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುವುದರಿಂದಲೇ ಬುಲೆಟಿನ ಸದ್ದಿಗೆ ಆ ಗಾಂಭೀರ್ಯ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಕಂಪನಿ ಆರಂಭವಾಗಿ ಸೇನೆಗೂ ಪೊಲೀಸರಿಗೂ ಬುಲೆಟ್ ಬಂದ ಕಾಲದಿಂದ ಆ ಸದ್ದಿಗೆ ಒಂದು ಅಧಿಕಾರದ ಛಾಯೆಯೂ ಅಂಟಿಕೊಂಡಿತು. ನಮ್ಮ ಬಾಲ್ಯದಲ್ಲಿ ಊರಿಗೆ ಬುಲೆಟ್ ಬಂದರೆ ಇನ್ಸ್‌ಪೆಕ್ಟರೋ ದೊಡ್ಡ ಜಮೀನುದಾರರೋ ಬಂದರೆಂದೇ ಲೆಕ್ಕ.

ಸೈಲೆನ್ಸರಿನ ಕೆಲಸ ಈ ಬಡಿತದ ಮೊನಚನ್ನು ಮುರಿಯುವುದು. ಒಳಗೆ ಕೋಣೆಗಳಿರುತ್ತವೆ, ತೂತು ಕೊರೆದ ಕೊಳವೆಗಳಿರುತ್ತವೆ, ಕೆಲವದರಲ್ಲಿ ಗಾಜಿನ ಉಣ್ಣೆ ತುಂಬಿರುತ್ತದೆ. ಅನಿಲ ಇವುಗಳಲ್ಲಿ ಸುತ್ತಿ, ತಣಿದು, ಹೊರಬೀಳುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ ಇದೇ ಹಾದಿಯಲ್ಲಿ ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಉರಿಯುವಿಕೆ ಸರಿಯಾಗಿದೆಯೇ ಎಂದು ಇಂಜಿನಿನ ಕಂಪ್ಯೂಟರಿಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ಇದೆ. ಹಾಗಾಗಿ ಹಿಂದಿನಂತೆ ಸೈಲೆನ್ಸರ್ ಎಂಬುದು ಗಾಡಿಯ ಬಾಲಕ್ಕೆ ಸಿಕ್ಕಿಸಿದ ಡಬ್ಬಿ ಮಾತ್ರವಲ್ಲ. ಇಂಜಿನಿನ ಉಸಿರಾಟದ ಒಂದು ಅಂಗ.

ಹುಡುಗನಿಗೆ ನಾವು ವಿವರಿಸಿದ್ದು ಇಷ್ಟು. ಕನ್ವರ್ಟರಿನ ಆಚೆಗಿರುವ ಕೊನೆಯ ಭಾಗವನ್ನಷ್ಟೇ ಬದಲಿಸುವುದು ಒಂದು ಬಗೆ. ಬೆಂಡ್ ಪೈಪಿನಿಂದ ಹಿಡಿದು ಪೂರ್ತಿ ಬದಲಿಸುವುದು ಇನ್ನೊಂದು. ಇದರಲ್ಲಿ ಕನ್ವರ್ಟರ್ ಹೋಗುತ್ತದೆ, ಸೆನ್ಸರಿನ ಲೆಕ್ಕ ತಪ್ಪುತ್ತದೆ, ಮುಂದೆ ಕಂಪ್ಯೂಟರನ್ನೂ ಮಾರ್ಪಡಿಸಬೇಕಾಗುತ್ತದೆ. ಇರುವ ಸೈಲೆನ್ಸರಿನ ಒಳಗಿನ ಕೊಳವೆಯನ್ನು ಕೊಯ್ದು ತೆಗೆಯುವುದು ಮೂರನೆಯ, ಅತ್ಯಂತ ಅಗ್ಗದ ಬಗೆ. ಅನುಮತಿಯಿಲ್ಲದ ಮಾರ್ಪಾಡು ಮತ್ತು ಕಂಪನಿ ಒಪ್ಪದ ಬಿಡಿಭಾಗ, ಇವುಗಳಿಂದ ಬಂದ ದೋಷಕ್ಕೆ ತಾನು ಹೊಣೆಯಲ್ಲವೆಂದು ವಾರಂಟಿ ಪುಸ್ತಕಗಳು ಸಾಮಾನ್ಯವಾಗಿ ಹೇಳುತ್ತವೆ. ಆದುದರಿಂದ ವಾರಂಟಿ ಉಳಿಯುವ ನೇರವಾದ ದಾರಿ ಒಂದೇ: ಆ ಮಾದರಿಗೆಂದು ಕಂಪನಿಯೇ ಒಪ್ಪಿ ಮಾರುವ ಸೈಲೆನ್ಸರ್ ಇದ್ದರೆ, ಅದು ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂದು ಷೋರೂಮಿನವರಿಂದ ಬರಹದಲ್ಲಿ ಪಡೆದು, ಅವರ ಕೈಯಿಂದಲೇ ಹಾಕಿಸಿ, ಬಿಲ್ಲು ಇಟ್ಟುಕೊಳ್ಳುವುದು. ಅಂಥದ್ದು ಇಲ್ಲವಾದರೆ ಇರುವುದನ್ನೇ ಬಿಗಿಯಾಗಿ, ಸೋರಿಕೆಯಿಲ್ಲದೆ ಕಾಪಾಡಿಕೊಳ್ಳುವುದು.

ಆಗ ಅವನು ನಗುತ್ತ ಮತ್ತೊಂದು ದಾರಿಯನ್ನು ನಮಗೇ ಕಲಿಸಿದ. ಗೆಳೆಯರು ಮಾಡುವುದು ಅದನ್ನೇ ಅಂತೆ. ಹೊರಗಿನಿಂದ ತಂದ ಸೈಲೆನ್ಸರ್ ಹಾಕಿಕೊಳ್ಳುವುದು. ಕಂಪನಿಯದ್ದನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡುವುದು. ಸರ್ವಿಸಿಗೆ ಒಯ್ಯುವ ಹಿಂದಿನ ದಿನ ಹಳೆಯದನ್ನು ಜೋಡಿಸಿ, ಬಂದ ಮೇಲೆ ಮತ್ತೆ ಹೊಸದನ್ನು ಹಾಕುವುದು. “ಕಂಪನಿಗೂ ನಷ್ಟ ಇಲ್ಲ, ನಮಗೂ ನಷ್ಟ ಇಲ್ಲ. ಇದರಲ್ಲಿ ಎಂತ ತಪ್ಪು ಮಾಷ್ಟ್ರೇ?”

ತಪ್ಪಿನ ಒಂದು ಪದರ ಸುಲಭವಾಗಿ ಕಾಣುತ್ತದೆ. ವಾರಂಟಿ ಎಂದರೆ ಕೊಟ್ಟ ಮಾತು. ಇಂತಿಂತಹ ರೀತಿಯಲ್ಲಿ ನೀನು ಬಳಸಿದರೆ ಇಂತಿಷ್ಟು ಕಾಲ ನಾನು ಹೊಣೆ ಎಂದು ಒಬ್ಬನು ಹೇಳುತ್ತಾನೆ. ಹಾಗೆಯೇ ಆಗಲಿ ಎಂದು ಇನ್ನೊಬ್ಬನು ಸಹಿ ಹಾಕುತ್ತಾನೆ. ಒಂದು ಕಡೆಯವನು ಮಾತನ್ನು ಅಟ್ಟಕ್ಕೇರಿಸಿ, ಬೇಕಾದ ದಿನ ಮಾತ್ರ ಇಳಿಸಿಕೊಂಡರೆ, ಉಳಿದದ್ದು ವಾರಂಟಿಯಲ್ಲ, ವಾರಂಟಿಯ ಕಾಗದ. ಎದುರಿಗಿರುವುದು ದೊಡ್ಡ ಕಂಪನಿ, ಅದಕ್ಕೆ ನೋವಾಗುವುದಿಲ್ಲ ಎಂಬುದು ನಿಜವಿರಬಹುದು. ಆದರೆ ಸುಳ್ಳಿನ ಅಭ್ಯಾಸ ಉಳಿಯುವುದು ಕಂಪನಿಯಲ್ಲಲ್ಲ, ಹೇಳಿದವನಲ್ಲಿ.

ಎರಡನೆಯ ಪದರ ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕನು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ನಮ್ಮ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ನಂತರ, ಸದ್ದು ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದವನಿಗೆ ಮೊದಲ ಸಲವೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. 175 ಸಿಸಿಗಿಂತ ದೊಡ್ಡ ಮೋಟಾರು ಸೈಕಲ್ ಕಾರ್ಖಾನೆಯಿಂದ ಹೊರಬರುವಾಗ ಪರೀಕ್ಷೆಯಲ್ಲಿ 80 ಡೆಸಿಬೆಲ್ ಮೀರಬಾರದು. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಜನವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು ಮಿತಿ ಇದೆ. ಇವೆರಡು ಒಂದೇ ಬಗೆಯ ಅಳತೆಗಳಲ್ಲ; ಮೊದಲನೆಯದು ಹತ್ತಿರದಿಂದ ಹಾದುಹೋಗುವ ಒಂದು ಗಾಡಿಯದು, ಎರಡನೆಯದು ಒಟ್ಟು ಪರಿಸರದ ಸರಾಸರಿ. ಆದರೂ ಒಂದು ಮಾತು ನೆನಪಿಡಬೇಕು. ಡೆಸಿಬೆಲ್ಲಿನ ಲೆಕ್ಕ ನಮ್ಮ ಕೂಡುವ ಲೆಕ್ಕವಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಇಮ್ಮಡಿಯೆನಿಸುತ್ತದೆ. “ಸ್ವಲ್ಪ ಗಟ್ಟಿ” ಎಂಬ ಮಾತಿನಲ್ಲಿರುವ ‘ಸ್ವಲ್ಪ’ ಎಷ್ಟೆಂಬುದು ಸವಾರನಿಗೆ ಒಂದು, ದಾರಿ ಬದಿಯವನಿಗೆ ಇನ್ನೊಂದು.

ಕಾನೂನೂ ವಾರಂಟಿಯೂ ಹೇಳುವುದು ಇಲ್ಲಿಗೆ ಮುಗಿಯಿತು ಎನ್ನೋಣ. ಹುಡುಗನು ಕಂಪನಿ ಒಪ್ಪಿದ, ಪರೀಕ್ಷೆಯಲ್ಲಿ ತೇರ್ಗಡೆಯಾದ, ಮಿತಿಯ ಅಂಚಿನವರೆಗೆ ಗಟ್ಟಿಯಾದ ಸೈಲೆನ್ಸರನ್ನೇ ಹಾಕಿಸಿಕೊಂಡನೆಂದು ಭಾವಿಸೋಣ. ವಾರಂಟಿ ಭದ್ರ, ದಂಡದ ಭಯವಿಲ್ಲ. ಈಗ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ, ಅಡಕೆ ತೋಟಗಳ ನಡುವಿನ ಏರುದಾರಿಯಲ್ಲಿ ಎರಡನೆಯ ಗೇರಿನಲ್ಲಿ ಬರುತ್ತಾನೆ. ನಮ್ಮ ಕಡೆ ಮನೆಗಳು ಸಾಲಾಗಿಲ್ಲ. ಗುಡ್ಡದ ಬದಿಯಲ್ಲಿ ಒಂದು, ತೋಟದ ತಲೆಯಲ್ಲಿ ಒಂದು. ರಾತ್ರಿಯ ನಿಶ್ಶಬ್ದದಲ್ಲಿ ಆ ಸದ್ದು ಈ ಗುಡ್ಡಕ್ಕೆ ತಾಗಿ ಆ ಗುಡ್ಡಕ್ಕೆ ಮರಳುತ್ತದೆ. ಒಂದು ಮನೆಯಲ್ಲಿ ಹಸುಗೂಸು, ಇನ್ನೊಂದರಲ್ಲಿ ನಾಳೆ ಪರೀಕ್ಷೆಯಿರುವ ಹುಡುಗಿ, ಮತ್ತೊಂದರಲ್ಲಿ ನೋವಿನ ಮಾತ್ರೆ ನುಂಗಿ ಆಗಷ್ಟೇ ಕಣ್ಣು ಮುಚ್ಚಿದ ಅಜ್ಜ. ವಾರಂಟಿ ಪುಸ್ತಕದ ಯಾವ ಪುಟದಲ್ಲೂ ಇವರ ಹೆಸರಿಲ್ಲ. ಇವರು ಸಹಿ ಹಾಕಿಲ್ಲ. ಇವರನ್ನು ಯಾರೂ ಕೇಳಿಲ್ಲ. ಆದರೆ ಆ ಸದ್ದಿನ ಬೆಲೆಯಲ್ಲಿ ಒಂದು ಪಾಲನ್ನು ಇವರು ತೆರುತ್ತಾರೆ.

ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ‘ವಾರಂಟಿ ಹೋಗುತ್ತದೆಯೇ’ ಎಂಬ ಪ್ರಶ್ನೆಗೆ, ಇದರಿಂದ ನನಗೆ ಏನು ನಷ್ಟ ಎಂದೇ ಅರ್ಥ. ಅದು ಕೇಳಬಾರದ ಪ್ರಶ್ನೆಯೇನಲ್ಲ. ಸಾಲ ಮಾಡಿ ಕೊಂಡವನು ಕೇಳಲೇಬೇಕು. ಆದರೆ ಅದೊಂದೇ ಪ್ರಶ್ನೆಯಾದಾಗ, ಒಪ್ಪಂದದ ಹೊರಗಿರುವವರೆಲ್ಲ ಲೆಕ್ಕದಿಂದಲೇ ಹೊರಗುಳಿಯುತ್ತಾರೆ.

ನಾವು ಹುಡುಗನಿಗೆ ಹಳೆಯ ಪಾಠವನ್ನೇ ಹೇಳಹೊರಟೆವು: ನಿನಗೆ ಒಗ್ಗದ್ದನ್ನು ಪರರಿಗೆ ಮಾಡಬೇಡ. ನಲವತ್ತು ವರ್ಷಗಳ ಹಿಂದಿನ ತರಗತಿಯಾಗಿದ್ದರೆ ಮಕ್ಕಳು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಇವನು ಪ್ರಾಮಾಣಿಕವಾಗಿ ಉತ್ತರಿಸಿದ: “ನನಗೆ ಆ ಸದ್ದು ಇಷ್ಟ ಮಾಷ್ಟ್ರೇ. ರಾತ್ರಿ ಬೇರೆಯವರು ಹೋದರೂ ನನಗೆ ಬೇಜಾರಿಲ್ಲ. ಎದ್ದು ಯಾವ ಗಾಡಿ ಅಂತ ನೋಡ್ತೇನೆ.”

ಈ ಉತ್ತರ ನಮ್ಮನ್ನು ಕಟ್ಟಿಹಾಕಿತು. ಅವನು ಹೇಳಿದ್ದು ಸುಳ್ಳಲ್ಲ. ತನಗೆ ಇಷ್ಟವಾದುದನ್ನೇ ಪರರಿಗೆ ಕೊಡುತ್ತಿದ್ದಾನೆ. ನಿಯಮವನ್ನು ಅಕ್ಷರಶಃ ಪಾಲಿಸುತ್ತಿದ್ದಾನೆ! ಹಾಗಾದರೆ ದೋಷ ಎಲ್ಲಿದೆ? ನಾವು ಆ ನಿಯಮವನ್ನು ಅರ್ಧ ಮಾತ್ರ ಕಲಿಸಿದ್ದೆವೆಂದು ಅಂದು ನಮಗೆ ಹೊಳೆಯಿತು. ನೆರೆಯವನ ಸ್ಥಳದಲ್ಲಿ ನಿಂತು ನೋಡು ಎಂದರೆ, ನನ್ನ ಕಿವಿ, ನನ್ನ ವಯಸ್ಸು, ನನ್ನ ರುಚಿಯನ್ನೆಲ್ಲ ಹೊತ್ತುಕೊಂಡು ಅವನ ಮನೆಯಲ್ಲಿ ಕುಳಿತುಕೊಳ್ಳುವುದಲ್ಲ. ಅವನ ಕಿವಿಯಿಂದಲೇ ಕೇಳುವುದು. ಅದಕ್ಕೆ ಊಹೆ ಸಾಲದು, ಅವನನ್ನೇ ಕೇಳಬೇಕು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಆಲಿಸುವುದು, ಪ್ರಶ್ನಿಸುವುದು ಎಂಬ ಎರಡು ಅರ್ಥಗಳಿವೆ. ಇವೆರಡೂ ಕೂಡಿದಲ್ಲಿ ಮಾತ್ರ ನೆರೆಹೊರೆಯ ಧರ್ಮ ಪೂರ್ಣವಾಗುತ್ತದೆ.

ಆದರೆ ಚಲಿಸುವ ಸದ್ದಿಗೆ ಒಂದು ವಿಶೇಷ ತೊಡಕಿದೆ. ಮನೆಯಲ್ಲಿ ರೇಡಿಯೋ ಗಟ್ಟಿಯಾಗಿ ಹಾಕುವವನು ಪಕ್ಕದ ಎರಡು ಮನೆಗಳನ್ನು ಕೇಳಿಕೊಳ್ಳಬಹುದು. ಮಂಗಳೂರಿನಿಂದ ನಮ್ಮ ಹಳ್ಳಿಯವರೆಗೆ ಬರುವವನು ಎಷ್ಟು ಮನೆಗಳನ್ನು ಕೇಳಿಯಾನು? ತೊಂದರೆಪಟ್ಟವನೂ ಅವನಿಗೆ ಹೇಳುವಂತಿಲ್ಲ. ಬಾಗಿಲು ತೆರೆಯುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತದೆ. ಒಪ್ಪಿಗೆ ಕೇಳಲು ಸಾಧ್ಯವೇ ಇಲ್ಲದಲ್ಲಿ, ಒಪ್ಪಿಗೆ ಸಿಕ್ಕಿತೆಂದು ತಿಳಿಯುವುದು ಸರಿಯೇ, ಸಿಗಲಿಲ್ಲವೆಂದು ತಿಳಿಯುವುದು ಸರಿಯೇ? 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಮೇಲೆ ಬರೆದಾಗ, ಪರರಿಗೆ ಹಾನಿಯಾಗುವಲ್ಲಿ ನನ್ನ ಸ್ವಾತಂತ್ರ್ಯದ ಮೇರೆ ಎಂದು ವಾದಿಸಿದ. ಹಾನಿಯಾದವನು ದೂರು ಹೇಳಲಾರದ ಕಡೆ ಆ ಮೇರೆಯನ್ನು ಕಾಯಬೇಕಾದವನು ನಾನೇ ಎಂದು ನಮ್ಮ ಎಣಿಕೆ. ಪೊಲೀಸರು ಹಿಡಿದ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹರಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಸಿಕ್ಕಿಬಿದ್ದವನಿಗೆ ಅದು ದಂಡನೆ. ಆದರೆ ರೋಲರಿನ ಭಯಕ್ಕೆ ಸುಮ್ಮನಾಗುವುದು ಬೇರೆ, ಮಲಗಿದವರ ನೆನಪಿಗೆ ಸುಮ್ಮನಾಗುವುದು ಬೇರೆ.

ಸವಾರರ ಕಡೆಯ ವಾದಗಳನ್ನೂ ತಳ್ಳಿಹಾಕುವಂತಿಲ್ಲ. ಸದ್ದು ಗಟ್ಟಿಯಿದ್ದರೆ ಲಾರಿಯವರಿಗೆ ನಮ್ಮ ಇರವು ತಿಳಿಯುತ್ತದೆ, ಜೀವ ಉಳಿಯುತ್ತದೆ ಎನ್ನುತ್ತಾರೆ. ಆದರೆ ಸೈಲೆನ್ಸರಿನ ಬಾಯಿ ಹಿಂದಕ್ಕೆ ಮುಖ ಮಾಡಿದೆ. ಎದುರಿನಿಂದ ಬರುವವನಿಗೆ ತಿಳಿಸಲು ಹಾರ್ನ್ ಇದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲೂ ಉರಿಯುವಂತೆ ಮಾಡಿರುವುದು ಇದೇ ಕಾರಣಕ್ಕೆ. ಇನ್ನು ಸದ್ದೇ ಗಾಡಿಯ ವ್ಯಕ್ತಿತ್ವ ಎಂಬ ಮಾತಿದೆ. ಇದರಲ್ಲಿ ಹುರುಳಿದೆ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿ 1994ರಲ್ಲಿ ತನ್ನ ಇಂಜಿನಿನ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅರ್ಜಿ ಹಾಕಿತ್ತು. ಹಲವು ವರ್ಷ ಹೋರಾಡಿ 2000ದಲ್ಲಿ ಕೈಬಿಟ್ಟಿತು. ಸದ್ದು ಹುಟ್ಟುವುದು ನಮ್ಮಲ್ಲಿ, ಆದರೆ ಬಾಳುವುದು ಕೇಳುವವರ ಕಿವಿಯಲ್ಲಿ. ನಮ್ಮದೆಂದು ಬೇಲಿ ಹಾಕಲು ಬಾರದ ವಸ್ತು ಅದು.

ಮೂರನೆಯ ವಾದವೇ ನಮಗೆ ಹೆಚ್ಚು ತಾಗಿದ್ದು. “ನನ್ನ ಒಂದು ಬೈಕಿನ ಸದ್ದು ಮಾತ್ರ ನಿಮಗೆ ಕೇಳ್ತದೆ ಮಾಷ್ಟ್ರೇ. ಜಾತ್ರೆಯ ಮೈಕ್, ಮದುವೆಯ ಡಿಜೆ, ನಿಮ್ಮ ಸಂಘದ ಕಾರ್ಯಕ್ರಮದ ಮೈಕ್?”

ಯಕ್ಷಗಾನದ ಚಂಡೆ ಇರುಳಿನಲ್ಲಿ ಮೂರು ಗುಡ್ಡ ದಾಟಿ ಕೇಳಿಸುತ್ತಿದ್ದ ನಾಡು ನಮ್ಮದು. ಅದನ್ನು ಯಾರೂ ಕಿರಿಕಿರಿ ಎನ್ನುತ್ತಿರಲಿಲ್ಲ. ಆದರೆ ಚಂಡೆಗೆ ಒಂದು ಕ್ರಮವಿತ್ತು. ಇಂಥ ದಿನ, ಇಂಥ ಗದ್ದೆಯಲ್ಲಿ ಆಟವೆಂದು ವಾರದ ಮೊದಲೇ ಊರಿಗೆ ತಿಳಿದಿರುತ್ತಿತ್ತು. ಕೇಳಿ ಬಡಿದರೆ ಅದು ಕರೆಯಾಗಿತ್ತು. ಕರೆದು ಕೇಳಿಸುವ ಸದ್ದಿಗೂ ಕರೆಯದೆ ಹೇರುವ ಸದ್ದಿಗೂ ಅಂತರವಿದೆ. ಹೀಗೆಂದು ಸಮಾಧಾನಪಟ್ಟುಕೊಂಡರೂ ಹುಡುಗನ ಮಾತಿನಲ್ಲಿ ನಿಜ ಉಳಿಯುತ್ತದೆ. ಚಂಡೆಯ ಮುಂದೆ ಮೈಕನ್ನು, ಮೈಕಿಗೆ ಮರದ ತುದಿಯ ಹಾರ್ನನ್ನು ಕಟ್ಟಿದವರು ನಾವೇ. ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದೆಂಬ ನಿಯಮ ಬಂದಾಗ ಅದನ್ನು ನಮ್ಮ ಸಂಸ್ಕೃತಿಯ ಮೇಲಿನ ಪ್ರಹಾರವೆಂದು ಭಾಷಣ ಮಾಡಿದವರಲ್ಲಿ ನಾವೂ ಇದ್ದೆವು. ಇಂದು ಮೇಳಗಳು ಕಾಲಮಿತಿಯ ಪ್ರಯೋಗಕ್ಕೆ ಹೊಂದಿಕೊಂಡಿವೆ, ಕಲೆ ಅಳಿಯಲಿಲ್ಲ.

ಇನ್ನೊಂದು ಸಂಗತಿಯನ್ನು ಹುಡುಗನಿಗೆ ಅಂದು ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇವೆ.

ನಾವು ಮಾಷ್ಟ್ರಿಕೆಗೆ ಸೇರಿದ ಕೆಲವು ವರ್ಷಗಳಲ್ಲಿ ಕೈಬದಲಾದ ಒಂದು ಯೆಜ್ಡಿ ಬೈಕನ್ನು ಕೊಂಡಿದ್ದೆವು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದ ಗಾಡಿ. ಆ ಸೈಲೆನ್ಸರುಗಳ ಹಿಂದಿನ ನಟ್ ಬಿಚ್ಚಿದರೆ ಒಳಗಿನ ಕೊಳವೆ ಹೊರಬರುತ್ತಿತ್ತು. ಎಣ್ಣೆ ಬೆರೆಸಿದ ಪೆಟ್ರೋಲಿನ ಮಸಿ ಕಟ್ಟಿಕೊಳ್ಳುತ್ತಿದ್ದುದರಿಂದ ಆಗಾಗ ತೆಗೆದು ಸುಟ್ಟು ಶುಚಿ ಮಾಡಲೆಂದು ಆ ಏರ್ಪಾಡು. ಆ ಕೊಳವೆಗಳನ್ನು ಮರಳಿ ಹಾಕದಿದ್ದರೆ ಗಾಡಿಯ ಸದ್ದು ಇಡೀ ಪೇಟೆ ತಿರುಗಿ ನೋಡುವಂತಾಗುತ್ತಿತ್ತು. ಇಪ್ಪತ್ತೇಳರ ಹರೆಯ, ತಿರುಗಿ ನೋಡಲಿ ಎಂಬ ಆಸೆ ನಮಗೂ ಇತ್ತು. ಮೆಕ್ಯಾನಿಕನನ್ನು ಒಂದೇ ಪ್ರಶ್ನೆ ಕೇಳಿದೆವು: “ಇಂಜಿನಿಗೆ ಏನಾದರೂ ತೊಂದರೆಯಾಗುತ್ತದೆಯೇ?” “ಏನೂ ಆಗುದಿಲ್ಲ ಮಾಷ್ಟ್ರೇ” ಎಂದ. ಅಷ್ಟು ಸಾಕಾಯಿತು.

ಮರುವರ್ಷ ಮಾರ್ಚಿನಲ್ಲಿ ಪರೀಕ್ಷೆಯ ಕೆಲಸಕ್ಕಾಗಿ ದಿನವೂ ನಸುಕಿನಲ್ಲೇ ಹೊರಡಬೇಕಿತ್ತು. ದಾರಿಯ ತಿರುವಿನಲ್ಲಿ ಮುರಕಲ್ಲಿನ ಗೋಡೆಯ ಒಂದು ಮನೆ. ಅಲ್ಲಿ ವೃದ್ಧೆಯೊಬ್ಬರು ಹಾಸಿಗೆ ಹಿಡಿದಿರುವುದು ನಮಗೆ ಗೊತ್ತಿತ್ತು. ಒಂದು ದಿನ ತೀರಿಕೊಂಡದ್ದೂ ತಿಳಿಯಿತು. ಜೂನಿನಲ್ಲಿ ಆ ಮನೆಯ ಯಜಮಾನರು ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಶಾಲೆಗೆ ಬಂದರು. ಅರ್ಜಿ ತುಂಬಿಸಿ ಆದ ಮೇಲೆ, ತಾಯಿಯ ಬಗ್ಗೆ ನಾವು ಎರಡು ಮಾತು ಕೇಳಿದಾಗ, ಹೇಳಿದರು: “ಆ ದಿನ ಬೆಳಿಗ್ಗೆ ಅಮ್ಮ ಎಂತದೋ ಹೇಳಿದರು ಮಾಷ್ಟ್ರೇ. ಆಗಲೇ ನಿಮ್ಮ ಗಾಡಿ ಹೋಯಿತು. ಕೇಳಿಸಲಿಲ್ಲ. ಮತ್ತೆ ಅವರು ಮಾತಾಡಲಿಲ್ಲ.”

ಅವರು ದೂರಲಿಲ್ಲ. ದೂರುವ ದನಿಯೂ ಅದಾಗಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ಮಗಳ ಕೈ ಹಿಡಿದುಕೊಂಡು ಮೆಟ್ಟಲಿಳಿದರು. ಆ ಸಂಜೆ ಕೊಟ್ಟಿಗೆಯಲ್ಲಿ ಎಸೆದಿದ್ದ ಕೊಳವೆಗಳನ್ನು ಹುಡುಕಿದೆವು. ಒಂದು ತುಕ್ಕು ಹಿಡಿದು ಕೆಟ್ಟಿತ್ತು. ಮಂಗಳೂರಿನಿಂದ ಹೊಸದು ತರಿಸಿ ಎರಡನ್ನೂ ಹಾಕಿಸಿದೆವು. ಇಂಜಿನಿಗೆ ಏನೂ ಆಗಿರಲಿಲ್ಲ. ಮೆಕ್ಯಾನಿಕ್ ಹೇಳಿದ್ದು ನಿಜವೇ ಆಗಿತ್ತು.

ನಾವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಸಿಕ್ಕಿತ್ತು. ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ. ಇಷ್ಟು ವರ್ಷಗಳ ಬಳಿಕ ಆ ಹುಡುಗನು ವಾರಂಟಿ ಪುಸ್ತಕ ಹಿಡಿದು ಬಂದು ನಮ್ಮದೇ ಪ್ರಶ್ನೆಯನ್ನು ನಮಗೆ ಕೇಳಿದಾಗ, ಅವನನ್ನು ಗದರುವ ಅಧಿಕಾರ ನಮಗಿರಲಿಲ್ಲ.

ಈ ಪ್ರಶ್ನೆ ಗಡಿನಾಡಿನವರಾದ ನಮಗೆ ಬೇರೆ ಒಂದು ಕಾರಣಕ್ಕೂ ಹತ್ತಿರದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನದಿಂದ ನಾವು ನಮ್ಮ ದನಿ ಕೇಳಿಸಲಿ ಎಂದು ಕೇಳುತ್ತ ಬಂದವರು. ಕಚೇರಿಯ ಅರ್ಜಿ ಕನ್ನಡದಲ್ಲಿರಲಿ, ಬಸ್ಸಿನ ಬೋರ್ಡು ಕನ್ನಡದಲ್ಲೂ ಇರಲಿ, ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರೇ ಬರಲಿ ಎಂದು ಮನವಿ ಕೊಟ್ಟು, ಧರಣಿ ಕುಳಿತು, ಸಮ್ಮೇಳನ ನಡೆಸಿದವರು. ಕೇಳಿಸದೆ ಹೋಗುವುದರ ನೋವು ನಮಗೆ ಗೊತ್ತು. ಊರಿನ ಹುಡುಗನೊಬ್ಬ ತನ್ನ ಬೈಕಿನ ಸದ್ದನ್ನು ಗಟ್ಟಿ ಮಾಡಿಕೊಳ್ಳಲು ಬಯಸುವುದರ ಹಿಂದೆಯೂ ಅಂಥದೇ ಒಂದು ಹಂಬಲ ಇರಬಹುದು. ನಾನೂ ಇದ್ದೇನೆ, ಒಮ್ಮೆ ಇತ್ತ ನೋಡಿ ಎಂಬ ಹಂಬಲ. ಅದನ್ನು ಹೀನವೆನ್ನಲಾಗದು.

ಆದರೆ ಕೇಳಿಸಿಕೊಳ್ಳಬೇಕೆಂದು ಬೇಡುವುದಕ್ಕೂ ಕೇಳಲೇಬೇಕೆಂದು ಹೇರುವುದಕ್ಕೂ ನಡುವೆ ಗೆರೆಯಿದೆ. ಶಬ್ದಮಾಲಿನ್ಯದ ಬಗ್ಗೆ 2005ರ ಜುಲೈಯಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟಿನ ವಿಚಾರವೂ ಇದೇ: ಮಾತಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಕೇಳೆಂದು ಯಾರನ್ನೂ ಬಲವಂತಪಡಿಸಲಾಗದು. ಅಲ್ಪಸಂಖ್ಯಾತರಾದ ನಮಗೆ ಈ ಗೆರೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕು. ನಮ್ಮ ಮೇಲೆ ಹೇರಿದ ದನಿಗಳ ಕೆಳಗೆ ನಮ್ಮ ಮಾತು ಮುಳುಗಿದುದನ್ನು ನಾವು ಕಂಡಿದ್ದೇವೆ. ಮತ್ತೊಬ್ಬರ ಮಾತು ನಮ್ಮ ಸದ್ದಿನಲ್ಲಿ ಮುಳುಗದಂತೆ ನೋಡಿಕೊಳ್ಳುವುದೂ ಅದೇ ಹೋರಾಟದ ಭಾಗ.

ಹುಡುಗ ಹೊರಡುವಾಗ ನಾವು ಉಪದೇಶ ಮಾಡಲಿಲ್ಲ. “ವಾರಂಟಿಯ ವಿಷಯ ಷೋರೂಮಿನಲ್ಲಿ ಬರಹದಲ್ಲಿ ಕೇಳು. ಅದಾದ ಮೇಲೆ, ನಿನ್ನ ದಾರಿಯ ಮೇಲಿನ ಎರಡು ಮನೆಗಳಲ್ಲಿ ಬಾಯಿಮಾತಿನಲ್ಲಿ ಕೇಳು. ಎರಡೇ ಮನೆ ಸಾಕು” ಎಂದೆವು. “ಯಾವ ಮನೆ?” ಎಂದ. “ಅದನ್ನು ನೀನೇ ಹುಡುಕಬೇಕು” ಎಂದೆವು. ಅವನು ಕೇಳಿದನೋ ಇಲ್ಲವೋ ನಾವು ವಿಚಾರಿಸಿಲ್ಲ. ಈಗಲೂ ರಾತ್ರಿ ಹನ್ನೊಂದರ ಸುಮಾರಿಗೆ ಅವನ ಗಾಡಿ ಹೋಗುವುದು ತಿಳಿಯುತ್ತದೆ. ಕಂಪನಿ ಕೊಟ್ಟ ಸದ್ದೇ ಇದೆ. ಎಚ್ಚರವಿದ್ದರೆ ಕೇಳುತ್ತೇವೆ; ಒಳ್ಳೆಯ ಸದ್ದು. ನಿದ್ದೆ ಬಂದಿದ್ದರೆ ಎಚ್ಚರವಾಗುವುದಿಲ್ಲ.

ಸಂಘದ ಬಂಧುಗಳಲ್ಲಿ ಕೊನೆಗೆ ಒಂದು ವಿನಂತಿ. ಈ ಸಮ್ಮೇಳನದ ಧ್ವನಿವರ್ಧಕದ ಪೆಟ್ಟಿಗೆಗಳನ್ನು ಸಭಿಕರ ಕಡೆಗೆ ಮಾತ್ರ ತಿರುಗಿಸಿಡೋಣ. ಮರಕ್ಕೆ ಹಾರ್ನ್ ಕಟ್ಟುವುದು ಬೇಡ. ಮೈದಾನದ ಸುತ್ತಲಿನ ಮನೆಗಳಿಗೆ ಸ್ವಯಂಸೇವಕರು ಆಮಂತ್ರಣ ಕೊಡಲು ಹೋದಾಗ, ನಿಮ್ಮಲ್ಲಿ ಕಾಯಿಲೆಯವರು, ಪರೀಕ್ಷೆಯವರು, ಎಳೆಯ ಮಕ್ಕಳು ಇದ್ದಾರೆಯೇ ಎಂದು ಕೇಳಿಕೊಂಡು ಬರಲಿ. ಆ ಮನೆಗಳಲ್ಲಿ ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವವರೂ ಇದ್ದಾರೆ. ಕನ್ನಡದವರು ಬಂದು ಹೀಗೆ ಕೇಳಿದರೆಂದು ಅವರು ತಮ್ಮ ಭಾಷೆಯಲ್ಲಿ ಮನೆಯವರೊಡನೆ ಹೇಳಿಕೊಂಡರೆ, ನಮ್ಮ ದನಿ ಅಷ್ಟರಮಟ್ಟಿಗೆ ಕೇಳಿಸಿದಂತಾಯಿತು.